ಕುಂಯ್‌ಗುಡುವ ಯಂತ್ರ

ನೆಲದೊಳಗೆ ಏನಿದೆ ಎಂದು ಹುಡುಕಲು ಹೊರಟವನಿಗೆ ನೆಲದ ಮೇಲಿನ ಮಂದಿಯೇ ಹೆಚ್ಚು ಸಿಗುತ್ತಾರೆ. ನಾನು ಗದಗಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತನಾದವನು. ಆಮೇಲಿನ ಹನ್ನೊಂದು ವರ್ಷ ಲೋಹ ಹುಡುಕುವ ಯಂತ್ರವೊಂದನ್ನು ಹೆಗಲಿಗೇರಿಸಿಕೊಂಡು ಈ ಜಿಲ್ಲೆಯ ಹೊಲ, ಹಿತ್ತಲು, ತಿಪ್ಪೆಗಳನ್ನು ಸುತ್ತಿದ್ದೇನೆ. ಮೂವತ್ತು ವರ್ಷದಲ್ಲಿ ಕಾಣದ ತಮಾಷೆ ಈ ಹನ್ನೊಂದರಲ್ಲಿ ಕಂಡಿದ್ದೇನೆ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಹೆಮ್ಮೆಯೇ ಇದೆ.

೧. ಯಂತ್ರ ಹುಟ್ಟಿದ್ದು

ಇದೆಲ್ಲ ಶುರುವಾದದ್ದು ನನ್ನ ಹೆಂಡತಿಯ ಬುಗುಡಿಯಿಂದ. ನಮ್ಮ ಮದುವೆಯ ದಿನ ಅವಳ ಅವ್ವ ತನ್ನ ಕಿವಿಯಲ್ಲಿದ್ದ ಮುತ್ತಿನ ಬುಗುಡಿಗಳನ್ನು ಬಿಚ್ಚಿ ಮಗಳ ಕಿವಿಗೆ ಹಾಕಿದ್ದಳಂತೆ. ನಾನು ನಿವೃತ್ತನಾದ ವರ್ಷ ಪಂಚಮಿಯ ಹಿಂದಿನ ದಿನ ಇವಳು ಹೊತ್ತು ಏರುವ ಮುಂಚಿನಿಂದ ಉಂಡಿ ಕಟ್ಟಿ, ಸಂಜೆ ಹಿತ್ತಲಿಗೆ ಹೋಗಿ ಮುಖ ತೊಳೆಯುವಾಗ ಕಿವಿ ಮುಟ್ಟಿ ನೋಡಿಕೊಂಡರೆ ಬಲಗಿವಿಯದು ಇಲ್ಲ. ಹಿತ್ತಲಿನ ಮಣ್ಣನ್ನು ಬೊಗಸೆ ಬೊಗಸೆಯಾಗಿ ತಡಕಿದೆವು. ಗಟಾರಕ್ಕೂ ಕೈ ಹಾಕಿದೆ. ಸಿಗಲಿಲ್ಲ. ಅವಳು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಉಳಿದ ಒಂದನ್ನು ಬಿಚ್ಚಿ ಕುಂಕುಮದ ಡಬ್ಬಿಯಲ್ಲಿಟ್ಟಳು. ಆ ಖಾಲಿ ಕಿವಿ ನೋಡಲು ನನ್ನಿಂದ ಆಗಲಿಲ್ಲ. "ಹುಡುಕಿ ಕೊಡ್ತೀನಿ, ಇದು ನನ್ನ ಮಾತು" ಅಂದುಬಿಟ್ಟೆ.

ಬೆಟಗೇರಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ಮಿಸ್ತ್ರಿ ಒಬ್ಬನಿದ್ದಾನೆ. ನನ್ನ ಕೈಯಲ್ಲೇ ಇತಿಹಾಸದಲ್ಲಿ ಎರಡು ಸಲ ನಾಪಾಸಾದ ಹಳೆಯ ಶಿಷ್ಯ. ಅವನ ಹತ್ತಿರ ಹೋದೆ.

"ಸರ, ತಯಾರ ಮಶೀನು ಯಾಕ ತರಸ್ತೀರಿ? ತಂತಿ ಸುತ್ತೂದ ನನ್ನ ಕಸಬು. ನಾನ ಮಾಡಿಕೊಡ್ತೀನಿ. ದುಂಡನ್ನ ಒಂದು ಕಟ್ಟಿಗಿ ಚೌಕಟ್ಟು ತಂದುಕೊಡ್ರಿ, ಸಾಕು" ಅಂದ.

ಅಟ್ಟ ಹತ್ತಿದೆ. ಜಾಳಿಗೆ ಹರಿದ ಹಳೆಯ ಸಾಣಿಗೆಯೊಂದು, ಅಂದರೆ ಜರಡಿ, ಸಿಕ್ಕಿತು. ಕೆಳಗಿಳಿಯುವಷ್ಟರಲ್ಲಿ ಹೆಂಡತಿ ಅಡ್ಡ ನಿಂತಳು. "ಅಯ್ಯ, ಅದು ನನ್ನ ತವರಮನಿ ಸಾಣಿಗಿ. ಜಾಳಗಿ ಹೊಸಾದು ಹಾಕಿಸಿದ್ರ ಆತು. ಹಂತಾ ಕಟ್ಟಿಗಿ ಈಗ ಎಲ್ಲಿ ಸಿಗತೈತ್ರಿ?" ದೊಡ್ಡ ಕೆಲಸಕ್ಕೆ ಹೊರಟ ಗಂಡಸು ಇಂಥ ಮಾತಿಗೆಲ್ಲ ನಿಲ್ಲುವುದಿಲ್ಲ. ನಾನೂ ನಿಲ್ಲಲಿಲ್ಲ.

ಮಿಸ್ತ್ರಿ ಆ ಸಾಣಿಗೆಯ ಮೊಳೆ ಕಿತ್ತ, ಜಾಳಿಗೆ ಬಿಚ್ಚಿದ, ಚೌಕಟ್ಟಿನ ಸುತ್ತ ತಾಮ್ರದ ತಂತಿ ಸುತ್ತಿ ಮೇಲೆ ದಪ್ಪಗೆ ಕರಿಯ ಟೇಪು ಬಿಗಿದ. ಪ್ಲಾಸ್ಟಿಕ್ ಪೈಪಿನ ಹಿಡಿಕೆ, ಒಂದು ಡಬ್ಬಿ, ಒಂದು ತಿರುಗಣಿ. ಯಂತ್ರ ತಯಾರಾಯಿತು. ಆದರೆ ಚಾಲೂ ಮಾಡಿದ ಗಳಿಗೆಯಿಂದಲೂ ಅದು ಒಂದೇ ಸಮನೆ ಕುಂಯ್ ಅನ್ನುತ್ತಿತ್ತು. ಮುಗಿಲಿಗೆ ಹಿಡಿದರೂ ಕುಂಯ್.

"ಲೇ, ಒಳಗ ಮೊಳಿ ಏನರ ಉಳದಾವೇನು ನೋಡು" ಅಂದೆ.

"ಸರ, ನಾ ಸುತ್ತಿದ ತಂತಿ ಬಿಟ್ಟು ಇದರಾಗ ಒಂದು ಗುಂಜಿಯಷ್ಟು ಲೋಹ ಇದ್ರ ನನ್ನ ಹೆಸರು ತಗದಬಿಡ್ರಿ. ಇದು ಅದರ ಹುಟ್ಟುಗುಣ. ಹುಟ್ಟುಗುಣ ಸುಟ್ರೂ ಹೋಗೂದಿಲ್ಲ" ಎಂದು ತಿರುಗಣಿ ತಿರುವಿ ಆ ಸದ್ದನ್ನು ಅಡಗಿಸಿದ.

ಮೊದಲ ದಿನ ನಮ್ಮ ಹಿತ್ತಲಿನಲ್ಲೇ ಹುಡುಕಿದೆವು. ತುಕ್ಕು ಹಿಡಿದ ಕುಡುಗೋಲು, ಎರಡು ಚಮಚ, ಸೈಕಲ್ಲಿನ ಗಂಟೆ, ಒಂದು ಬುಟ್ಟಿ ಮೊಳೆ ಸಿಕ್ಕವು. ಬುಗುಡಿ ಇಲ್ಲ. ಹೆಂಡತಿ ಬಂದು ಬುಟ್ಟಿಯೊಳಗೆ ಇಣುಕಿದಳು.

"ಮನಿ ಕಟ್ಟಿದಾಗ ಬಡಗ್ಯಾರು ಚೆಲ್ಲಿದ ಮೊಳಿ ಎಲ್ಲಾ ಸಿಕ್ಕಾವ. ಇನ್ನೊಂದು ಮನಿ ಕಟ್ಟಬಹುದು ಬಿಡ್ರಿ."

೨. ಓದಬಾರದಿತ್ತು

ಮಾಸ್ತರಿಗೆ ಹಳೆಯ ಕಲ್ಲಿನ ಅಕ್ಷರ ಓದಲು ಬರುತ್ತದೆ, ಜೊತೆಗೆ ಮಶೀನೂ ಇದೆ ಎಂಬ ಸುದ್ದಿ ಹಬ್ಬಲು ತಿಂಗಳು ಬೇಕಾಗಲಿಲ್ಲ. ಈ ಎರಡೂ ಒಬ್ಬನ ಹತ್ತಿರ ಇದ್ದರೆ ನಮ್ಮ ಕಡೆಯ ಮಂದಿಗೆ ತಲೆಗೆ ಬರುವುದು ಒಂದೇ: ನಿಧಿ. ಬಂದವರಿಗೆಲ್ಲ ನನ್ನ ಕಾಯಿದೆ ಮೊದಲೇ ಹೇಳುತ್ತಿದ್ದೆ. ಕಳೆದ ವಸ್ತು ಮಾತ್ರ ಹುಡುಕುತ್ತೇನೆ. ಹಗಲಲ್ಲಿ, ಜಾಗದ ಮಾಲಕ ಪಕ್ಕದಲ್ಲಿ ನಿಂತಿರಬೇಕು. ಹಳೆಯ ಕಾಲದ್ದು ಏನಾದರೂ ಸಿಕ್ಕರೆ ಅದು ಸರಕಾರದ್ದು, ತಹಶೀಲ್ದಾರರಿಗೆ ನಾನೇ ತಿಳಿಸುತ್ತೇನೆ. ಇಷ್ಟು ಹೇಳುವಷ್ಟರಲ್ಲಿ ಅರ್ಧ ಮಂದಿ ಚಹಾ ಕೂಡ ಕುಡಿಯದೆ ಎದ್ದು ಹೋಗುತ್ತಿದ್ದರು.

ಎದ್ದು ಹೋಗದೆ ಕೂತವನು ಬೆಳ್ಳಟ್ಟಿಯ ರೈತನೊಬ್ಬ. "ಸರ, ಮಶೀನು ಬ್ಯಾಡ, ಬರೇ ಓದ್ರಿ ಸಾಕು. ನಮ್ಮ ಹೊಲದಾಗ ಅಕ್ಷರದ ಕಲ್ಲೈತಿ. ಮ್ಯಾಲ ಸೂರ್ಯಾ, ಚಂದ್ರಾ, ಆಕಳಾ-ಕರಾ ಅದಾವು. ಸೂರ್ಯಾ ಎತ್ತಾಗ ನೋಡ್ತಾನೋ ಅತ್ತಾಗ ಕೊಪ್ಪರಿಗಿ ಐತಿ ಅಂತ ನಮ್ಮ ಮುತ್ಯಾ ಹೇಳ್ತಿದ್ದ."

ಹೋಗಿ ನೋಡಿದರೆ ಮೂರು ತಲೆಮಾರಿನವರು ಸೂರ್ಯ ನೋಡುವ ದಿಕ್ಕಿನಲ್ಲಿ ಅಗೆದೂ ಅಗೆದೂ ಅಲ್ಲೊಂದು ಭರ್ಜರಿ ಹೊಂಡ ಮಾಡಿದ್ದರು. ಅದರಲ್ಲಿ ಈಗ ಮೀನು ಬಿಟ್ಟಿದ್ದಾರೆ.

ಕಲ್ಲು ತೊಳೆಸಿ, ಅಕ್ಷರದ ಮೇಲೆ ಜೋಳದ ಹಿಟ್ಟು ತಿಕ್ಕಿ ಓದಲು ಕೂತೆ. ಎರಡು ತಾಸು ಹಿಡಿಯಿತು. ಮನೆಮಂದಿಯೆಲ್ಲ ಸುತ್ತ ಕೂತಿದ್ದರು. ಅವನ ತಾಯಿ, ಮುದುಕಿ, ಕೋಲೂರಿಕೊಂಡು ಹೊಲದ ತನಕ ಬಂದಿದ್ದಳು.

"ಏನ್ ಬರದಾರ್ರಿ ಸರ?"

"ಹಳ್ಳದಿಂದ ಈ ದಿಬ್ಬದ ತನಕ ಇರೂ ಭೂಮಿನ್ನ ದೇವರ ದೀಪದ ಎಣ್ಣಿ ಸಲುವಾಗಿ ದಾನ ಕೊಟ್ಟೈತಿ ಅಂತ ಬರದಾರ."

"ಅಂದ್ರ?"

"ಅಂದ್ರ ನಿನ್ನ ಹೊಲ ದೇವರದು."

ರೈತ ಮೆಲ್ಲಗೆ ಕೇಳಿದ, "ಮುಂದ ಏನರ ಐತೇನ್ರಿ?"

"ಐತಿ. ಈ ಭೂಮಿ ಕಸಗೊಂಡವರು ಅರವತ್ತು ಸಾವಿರ ವರ್ಷ ಹುಳ ಆಗಿ ಹುಟ್ಟತಾರಂತ."

ಮುದುಕಿ ಕೋಲು ನೆಲಕ್ಕೆ ಕುಟ್ಟಿದಳು. "ಮಾಸ್ತರ, ನೀವು ಓದಿಲ್ಲ, ನಾವು ಕೇಳಿಲ್ಲ. ಏಳ್ರಿ, ಚಾ ಕುಡೀರಿ."

ಮರುವರ್ಷ ಆ ದಾರಿಯಲ್ಲಿ ಹೋದಾಗ ನಿಂತು ನೋಡಿದೆ. ಕಲ್ಲಿಗೆ ನಾಲ್ಕು ತಗಡಿನ ಮಾಡು ಬಂದಿತ್ತು. ಮುಂದೆ ದೀಪ ಉರಿಯುತ್ತಿತ್ತು. ಒಂದು ಶಾಸನ ಬಟ್ಟೆ ಒಗೆಯುವ ಕಲ್ಲಾಗದೆ ಉಳಿಯಿತಲ್ಲ ಎಂದು ನನಗೆ ಎದೆ ತುಂಬಿ ಬಂತು. ರೈತ ಓಡಿ ಬಂದ.

"ಸರ, ದಿನಾ ಎಣ್ಣಿ ಹಾಕಾಕತ್ತೀವಿ. ದೀಪ ನಿಂದು, ಹೊಲ ನಮ್ಮ ಕಡೆ ಇರಲಿ ಅಂತ ದೇವರಿಗೆ ಬಾಯಿ ಬಿಟ್ಟು ಹೇಳೀವಿ. ಇಲ್ಲೀತನಕ ಅವನೂ ಏನೂ ಅಂದಿಲ್ಲ."

೩. ಸಾಹುಕಾರರ ಹೊಸ್ತಿಲು

ಲಕ್ಷ್ಮೇಶ್ವರದ ಹಳೆಯ ವ್ಯಾಪಾರಸ್ಥರ ಮನೆತನ. ಮನೆ ದುರಸ್ತಿಗೆ ತೆಗೆದಿದ್ದರು. ಮನೆಯ ಹಿರಿಯ ಸಾಹುಕಾರರು ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿ, ದನಿ ತಗ್ಗಿಸಿ ಹೇಳಿದರು:

"ಸರ, ನಮ್ಮ ಮುತ್ಯಾ ಸಾಯೂ ಮುಂದ ಅವರ ಬಾಯಿ ಬಿದ್ದಿತ್ತು. ಮೂರು ದಿನ ಬರೇ ಕೈ ಮಾಡಿ ತಲಬಾಗಿಲದ ಹೊಸ್ತಿಲಾ ತೋರಿಸಿದ್ರು. ಏನೋ ಇಟ್ಟಾರ. ನಮ್ಮ ಮುತ್ಯಾ ಇಟ್ಟದ್ದು ಅಂದಮ್ಯಾಲ ಅದು ಕಳದ ವಸ್ತುನ ಅಲ್ಲೇನ್ರಿ?"

ವಾದ ಸರಿಯಾಗಿಯೇ ಇತ್ತು. ಯಂತ್ರವನ್ನು ಹೊಸ್ತಿಲ ಮೇಲೆ ಹಿಡಿದೆ. ಕಿರ್ರೋ ಎಂದು ಅರಚಿತು. ಸಾಹುಕಾರರ ಮುಖ ಅರಳಿತು.

"ಸಾಹುಕಾರ್ರ, ಅವಸರ ಮಾಡಬ್ಯಾಡ್ರಿ. ಮನಿ ಕಟ್ಟುವಾಗ ಎಲ್ಲಾರೂ ಹೊಸ್ತಿಲ ಬುಡಕ ನಾಕು ರೊಕ್ಕ, ಪಂಚಲೋಹ ಇಟ್ಟು ಪೂಜಿ ಮಾಡಿರ್ತಾರ. ಗದಗಿನ್ಯಾಗ ನನ್ನ ಮನಿ ಹೊಸ್ತಿಲೂ ಹಿಂಗ ಒದರತೈತಿ" ಅಂದೆ.

"ನಿಮ್ಮದು ಮಾಸ್ತರ ಹೊಸ್ತಿಲಾ ಸರ. ಇದು ಸಾಹುಕಾರರದು" ಅಂದರು.

ಹೊಸ್ತಿಲು ಕಿತ್ತರು. ಅದರ ಬುಡದಲ್ಲಿ ಅಂಗೈಯಗಲದ ತಾಮ್ರದ ಗಿಂಡಿ. ಒಳಗೆ ನಾಲ್ಕು ಕಿಲುಬು ಹಿಡಿದ ದುಡ್ಡು, ಪಂಚಲೋಹದ ಚೂರು, ಒಣಗಿ ಕಲ್ಲಾದ ಅರಿಶಿಣದ ಕೊಂಬು. ಇನ್ನೂ ಆಳಕ್ಕೆ ಹೋದರು. ಮಣ್ಣು ಬಂತು. ಮತ್ತೂ ಹೋದರು. ಮತ್ತೆ ಮಣ್ಣೇ ಬಂತು. ಅಷ್ಟರಲ್ಲಿ ಮಧ್ಯಾಹ್ನದ ನಿದ್ದೆ ಮುಗಿಸಿ ಹೊರಗೆ ಬಂದ ಅವರ ಅಜ್ಜಿ, ಅಂದರೆ ಆ ಮುತ್ಯಾನ ಹೆಂಡತಿ, ತಲಬಾಗಿಲಲ್ಲಿ ಬಾಯ್ದೆರೆದ ಗುಂಡಿ ನೋಡಿ ಹೌಹಾರಿದಳು. ತೊಂಬತ್ತು ದಾಟಿದ ಜೀವ. ಸಾಹುಕಾರರು ಕಿವಿಯ ಹತ್ತಿರ ಬಾಯಿ ಇಟ್ಟು ಎಲ್ಲ ಹೇಳಿದರು.

"ಅಯ್ಯ ಹುಚ್ಚಪ್ಪಗಳಿರಾ!" ಅಂದಳು ಮುದುಕಿ. "ಅವರು ಹೊಸ್ತಿಲಾ ಎಲ್ಲಿ ತೋರಿಸಿದ್ರೋ? ಹೊಸ್ತಿಲದಾಗ ಬಿಟ್ಟಿದ್ದ ಚಪ್ಪಲಿ ತೋರಿಸಿದ್ರು. ಹೊಸಾವು, ಎಂಟು ದಿನಾನೂ ಮೆಟ್ಟಿರಲಿಲ್ಲ. ಮಾತಾಡ್ಸಾಕ ಬಂದ ಮಂದಿ ಯಾರರ ಮೆಟಗೊಂಡು ಹೋದಾರು ಅಂತ ಅವರಿಗೆ ಚಿಂತಿ!"

ಸಾಹುಕಾರರು ಗುಂಡಿಯಿಂದ ತಲೆ ಎತ್ತಿ ಕೇಳಿದರು, "ಹಂಗಾರ ಆ ಚಪ್ಪಲಿ ಎಲ್ಲದಾವು ಬೇ?"

೪. ನಡೆದಾಡುವ ಬಂಗಾರ

ಬಿಂಕದಕಟ್ಟಿಯ ಹೊಲದಲ್ಲಿ ಶೇಂಗಾ ಕಳೆ ತೆಗೆಯುವಾಗ ಹೊಸ ಮದುಮಗಳ ಬೋರಮಾಳ ಸರ ಕಳೆದಿತ್ತು. ತವರಿನವರು ಹಾಕಿದ್ದು. ಹುಡುಗಿ ಅತ್ತು ಅತ್ತು ಕಣ್ಣು ಬಾತುಕೊಂಡಿದ್ದಳು. ನೆರವಿಗೆಂದು ಓಣಿಯ ಹೆಂಗಸರೆಲ್ಲ ಬಂದು ಸಾಲಾಗಿ ಹುಡುಕುತ್ತಿದ್ದರು. ನಾನು ಯಂತ್ರ ಚಾಲೂ ಮಾಡಿದರೆ ಅದು ನಿಲ್ಲಿಸುವುದೇ ಇಲ್ಲ. ಕಾಲುಂಗುರ, ಕಾಲ್ಗಡಗ, ತಾಳಿ ಎಲ್ಲಕ್ಕೂ ಕೂಗು.

"ತಾಯಂದಿರ, ಅವನ್ನೆಲ್ಲಾ ಸ್ವಲ್ಪ ಬಿಚ್ಚಿ ಇಡ್ರಿ" ಎಂದು ನನ್ನ ಜೊತೆ ಬಂದಿದ್ದ ಮಿಸ್ತ್ರಿ ಅಂದುಬಿಟ್ಟ. ಕಾಲುಂಗುರ ಬಿಚ್ಚು ಎಂದು ಮುತ್ತೈದೆಯರಿಗೆ ಹೇಳಿದವನ ಗತಿ ಏನಾಗಬೇಕೋ ಅದು ಆಯಿತು. ಅವನು ಹೊಡೆತ ತಿನ್ನದೆ ಉಳಿದದ್ದು ನನ್ನ ನೆರೆತ ಕೂದಲಿನಿಂದ. ಎಲ್ಲರನ್ನೂ ಕೈಮುಗಿದು ದೂರದ ಬದುವಿಗೆ ಕಳಿಸಿದೆ.

ಆದರೂ ಯಂತ್ರ ಕೂಗುತ್ತದೆ. ನಾನು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ತಿರುಗಿ ನೋಡಿದರೆ ಹುಡುಗಿಯ ಅತ್ತೆ ನನ್ನ ಹಿಮ್ಮಡಿಗೆ ಅಂಟಿಕೊಂಡು ಬರುತ್ತಿದ್ದಾಳೆ. ಸಿಕ್ಕಿದ್ದನ್ನು ನಾನು ಕಿಸೆಗೆ ಹಾಕಿಕೊಂಡೇನು ಎಂದು ಕಾವಲು! ಅವಳನ್ನೂ ಕಳಿಸಿದ ಹತ್ತು ನಿಮಿಷಕ್ಕೆ ಕಿತ್ತು ಒಗೆದ ಕಸದ ಗುಂಪಿಯೊಳಗೆ ಸರ ಸಿಕ್ಕಿತು. ಹುಡುಗಿ ಅದನ್ನು ಎದೆಗೊತ್ತಿಕೊಂಡು ನನ್ನ ಕಾಲು ಮುಟ್ಟಿದಳು. ಅವತ್ತಿನ ಹೆಮ್ಮೆ ನನಗೆ ನಿವೃತ್ತಿಯ ದಿನ ಹಾರ ಹಾಕಿದಾಗಲೂ ಆಗಿರಲಿಲ್ಲ.

ಅತ್ತೆ ಸರವನ್ನು ಕೈಯಲ್ಲಿ ತೂಗಿ ನೋಡಿದಳು. "ಸರ, ಇದು ಖರೇ ಬಂಗಾರ ಹೌದೋ ಅಲ್ಲೋ ಅನ್ನೂದೂ ಈ ಮಶೀನು ಹೇಳತೈತೇನ್ರಿ? ಇವರಪ್ಪ ಹಾಕಿದ್ದು, ಅದಕ್ಕ ಕೇಳಿದ್ನಿ."

ಹುಡುಗಿ ಕಣ್ಣೊರೆಸಿಕೊಂಡು ಅಂದಳು, "ಹಿಡಿಸ್ರಿ ಅತ್ತಿ. ಮದಲ ನಿಮ್ಮ ಕಾಲ್ಗಡಗದ ಮ್ಯಾಲ ಹಿಡಿಸ್ರಿ."

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ನಕ್ಕಳು. "ಆ ಹುಡುಗಿ ಪುಣ್ಯೇವು ನಿಮಗ ಬರಲಿ" ಅಂದಳು. ಆಮೇಲೆ ದೇವರ ಜಗಲಿಯ ಮೇಲಿನ ಕುಂಕುಮದ ಡಬ್ಬಿಯ ಕಡೆ ಒಮ್ಮೆ ನೋಡಿ ಸುಮ್ಮನೆ ರೊಟ್ಟಿ ಬಡಿಯಲು ಹೋದಳು. ಬೈದಿದ್ದರೆ ಹಗುರಾಗುತ್ತಿತ್ತು. ನಾನು ಉಣ್ಣದೆ ಯಂತ್ರ ಹಿಡಿದು ಮತ್ತೆ ಹಿತ್ತಲಿಗೆ ಹೋದೆ. ಇನ್ನೂ ಆರು ಮೊಳೆ ಸಿಕ್ಕವು.

೫. ಬದುವಿನೊಳಗಿನ ತಗಡು

ಶಿರಹಟ್ಟಿ ಹತ್ತಿರದ ಒಂದು ಹಳ್ಳಿ. ಅಣ್ಣ-ತಮ್ಮ, ನಡುವೆ ಒಂದು ಬದು, ವರ್ಷಗಟ್ಟಲೆ ಮಾತಿಲ್ಲ. ಕುಂಟೆಯ ಕುಡ, ಅದರ ಕಬ್ಬಿಣದ ಅಲಗು, ಹೊಲದಲ್ಲೆಲ್ಲೋ ಕಳಚಿ ಬಿದ್ದಿದೆ, ಹುಡುಕಿಕೊಡಿ ಎಂದು ಅಣ್ಣ ಕರೆಸಿದ್ದ. ಬದುವಿನ ಹತ್ತಿರ ಹೋದಾಗ ಯಂತ್ರ ಕೂಗಿತು. ಅಗೆದರೆ ಸುರುಳಿ ಸುತ್ತಿದ ತಾಮ್ರದ ತಗಡು. ಮೇಲೆ ಗೆರೆ, ಚೌಕ, ನಡುವೆ ಅಣ್ಣನ ಹೆಸರು. ಯಾರೋ ಮಂತ್ರಿಸಿ ಹೂತಿಟ್ಟದ್ದು.

"ನೋಡ್ರಿ ಸರ ನನ್ನ ತಮ್ಮನ ಗುಣಾ! ಒಡಹುಟ್ಟಿದಾಂವ ಮಾಡೂ ಕೆಲಸೇನ್ರಿ ಇದು?" ಎಂದು ಅಣ್ಣ ಊರಿಗೆಲ್ಲ ಕೇಳುವಂತೆ ಕೂಗಾಡಿದ. ತಮ್ಮ ಓಡಿ ಬಂದ. ಇಬ್ಬರೂ ಕೊರಳಪಟ್ಟಿ ಹಿಡಿಯುವಷ್ಟರಲ್ಲಿ ನಾಲ್ಕು ಹೆಜ್ಜೆ ಆಚೆ ಯಂತ್ರ ಮತ್ತೆ ಕೂಗಿತು. ಇನ್ನೊಂದು ತಗಡು. ಅದೇ ಗೆರೆ, ಅದೇ ಚೌಕ, ಅದೇ ಕೈಬರಹ. ನಡುವೆ ತಮ್ಮನ ಹೆಸರು.

ಅಣ್ಣನ ದನಿ ಇಳಿಯಿತು. "ಇಂಥಾದ್ದು ಜಿಲ್ಲಾದಾಗ ಇದೊಂದ ಐತಿ ಅಂದಿದ್ದ ಆ ಮಂತ್ರದಾಂವ."

ತಮ್ಮ ಕಣ್ಣರಳಿಸಿದ. "ನನಗೂ ಹಂಗ ಅಂದಿದ್ದ!"

ಸರಿ, ಮೋಸ ಹೋದವರಿಬ್ಬರೂ ಒಂದಾದರು. ಎಷ್ಟೋ ವರ್ಷದ ಮೇಲೆ ಒಂದೇ ಮೋಟರ್ ಸೈಕಲ್ ಹತ್ತಿ ಮಂತ್ರದವನನ್ನು ಕೇಳಲು ಹೊರಟರು. ಒಡೆದ ಮನೆ ಕೂಡಿಸಿದೆನಲ್ಲ ಎಂದು ನಾನು ಬದುವಿನ ಮೇಲೆ ಬೀಗುತ್ತಾ ಕೂತಿದ್ದೆ. ಸಂಜೆ ಹೊತ್ತಿಗೆ ನಗುನಗುತ್ತಾ ವಾಪಸು ಬಂದರು. ಅಣ್ಣನ ಕೈಯಲ್ಲಿ ಒಂದು ಹೊಸ ತಗಡು.

"ಇದ್ಯಾರಿಗಪಾ?" ಅಂದೆ.

"ಆಚಿ ಹೊಲದಾಂವಗ್ರಿ ಸರ" ಅಂದ ತಮ್ಮ. "ಇಬ್ಬರೂ ಕೂಡಿ ಇಟ್ರ ಜಲ್ದಿ ಹತ್ತತೈತಂತ."

೬. ಮುಂಡರಗಿಯ ಸನ್ಮಾನ

ಈಚೆಗೆ ಮುಂಡರಗಿಯ ಹಿರಿಯರು ಕೂಡಿ ನನಗೂ ಯಂತ್ರಕ್ಕೂ ಸನ್ಮಾನ ಇಟ್ಟುಕೊಂಡರು. ಆಮಂತ್ರಣ ಪತ್ರಿಕೆಯನ್ನು ನಾನು ಓಣಿಯ ಪ್ರತಿ ಮನೆಗೂ ಹಂಚಿದೆ. ಹೆಂಡತಿಯೂ ಬಂದಳು. ಇಳಕಲ್ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದಳು. ಕಿವಿಯ ಮೇಲ್ಗಡೆ ಖಾಲಿ.

ಶಾಲು ಹೊದಿಸಿದರು, ಮಾತಾಡಲು ಹೇಳಿದರು. ಮೈಕು ಸಿಕ್ಕಿದ ಮಾಸ್ತರ ಬಿಡುತ್ತಾನೆಯೇ? ಬೆಳ್ಳಟ್ಟಿಯ ಕಲ್ಲು, ಲಕ್ಷ್ಮೇಶ್ವರದ ಹೊಸ್ತಿಲು, ಬೋರಮಾಳ ಎಲ್ಲ ಹೇಳಿದೆ. "ಕೊನೆಯದಾಗಿ ಹೇಳುತ್ತೇನೆ, ಈ ಯಂತ್ರ ಹುಡುಕಿಕೊಡದ ವಸ್ತು ಈ ಜಿಲ್ಲೆಯಲ್ಲಿ..." ಎನ್ನುವಾಗ ಹೆಂಡತಿಯ ಮುಖ ಕಂಡಿತು.

"ಒಂದೇ ಒಂದು ಉಳಿದಿದೆ" ಅಂದೆ. "ನನ್ನ ಹೆಂಡತಿಗೆ ಅವರವ್ವ ಕೊಟ್ಟ ಬುಗುಡಿ. ಹುಡುಕಿ ಕೊಡುತ್ತೇನೆಂದು ಮಾತು ಕೊಟ್ಟು ಹನ್ನೊಂದು ವರ್ಷ ಆಯಿತು. ಊರ ಮಂದಿಯದೆಲ್ಲ ಸಿಕ್ಕಿತು, ಅದೊಂದು ಸಿಗಲಿಲ್ಲ. ಈ ಶಾಲು ಹೊದ್ದುಕೊಳ್ಳಲು ನನಗೆ ಸಂಕೋಚವಾಗುತ್ತಿದೆ."

ಹೆಂಡತಿ ತಲೆ ತಗ್ಗಿಸಿದಳು. ಅಧ್ಯಕ್ಷರು ಸಭೆಗೆ ಕಳೆ ತರಬೇಕೆಂದು, "ಇರಲಿ ಇರಲಿ, ಈಗ ಯಂತ್ರಕ್ಕೂ ಒಂದು ಮಾಲಿ ಹಾಕೋಣ್ರಿ" ಎಂದು ಜರಿ ಸುತ್ತಿದ ದಪ್ಪ ಹಾರವನ್ನು ಮೇಜಿನ ಮೇಲಿದ್ದ ಯಂತ್ರಕ್ಕೆ ಹಾಕಿದರು. ಮಿಸ್ತ್ರಿ ಅದನ್ನು ಚಾಲೂ ಇಟ್ಟಿದ್ದ. ಜರಿ ತಾಗಿದ್ದೇ ಯಂತ್ರ ಕಿಟಾರನೆ ಕಿರುಚಿತು. ಅಧ್ಯಕ್ಷರು ಬೆದರಿ ಹಿಂದೆ ಜಿಗಿದರು. ಹಾರ ಅವರ ಕೈಯಲ್ಲೇ ಇತ್ತು. ಹಾರದ ಹಿಂದೆ ಯಂತ್ರವೂ ಬಂದು ನೆಲಕ್ಕೆ ಬೋರಲಾಗಿ ಬಿತ್ತು. ಚಟ್ ಎಂದು ಸದ್ದು.

ಮಿಸ್ತ್ರಿ ಓಡಿ ಬಂದು ಮೊಳಕಾಲೂರಿದ. "ಸರ, ಚೌಕಟ್ಟ ಸೀಳೇತ್ರಿ" ಎನ್ನುತ್ತಾ ಟೇಪು ಹರಿದ. ನಮ್ಮ ಹಳೆಯ ಸಾಣಿಗೆಗಳಿಗೆ ಒಂದರೊಳಗೆ ಒಂದು, ಎರಡು ಕಟ್ಟಿಗೆಯ ಬಳೆ ಇರುತ್ತವೆ. ಆ ಎರಡರ ಸಂದಿಯಲ್ಲಿ ಗಟ್ಟಿಯಾಗಿ ಕೂತ ಹಳೆಯ ಹಿಟ್ಟು. ಮಿಸ್ತ್ರಿ ಉಗುರಿನಿಂದ ಕೆದರಿದ. ಹಿಟ್ಟಿನೊಳಗಿಂದ ಒಂದು ಮುತ್ತು ಹೊರಗೆ ಇಣುಕಿತು.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ವೇದಿಕೆಯ ಮೇಲಿದ್ದಳು. ಬುಗುಡಿಯನ್ನು ಕಸಿದುಕೊಂಡು ಉಫ್ ಎಂದು ಊದಿ ಸೆರಗಿನಲ್ಲಿ ಒರೆಸಿದಳು. "ಅವ್ವಂದ್ರಿ... ಅವ್ವನ ಬುಗುಡಿ" ಅಂದಳು. ಕಳೆದಾಗ ಅಳದವಳು ಮುಂಡರಗಿಯ ಅಷ್ಟೂ ಮಂದಿಯ ಮುಂದೆ ಗಳಗಳ ಅತ್ತಳು. "ಪಂಚಮಿ ಉಂಡಿಗೆ ಹಿಟ್ಟು ಸಾಣಿಸೀನಲ್ರಿ ಅವತ್ತು! ಅವತ್ತ ಜಾಳಗಿ ಹರೀತು ಅಂತ ಅಟ್ಟಕ್ಕ ಒಗದಿದ್ದೆ!"

ನಡೆದದ್ದೇನೆಂದು ಹಿಂದೆ ಕೂತವರಿಗೆ ತಿಳಿಯಲಿಲ್ಲ. ಇದೇ ಪ್ರಾತ್ಯಕ್ಷಿಕೆ ಎಂದುಕೊಂಡು ಚಪ್ಪಾಳೆ ಹೊಡೆದರು. "ನೋಡಲೇ, ಬರೇ ಹೆಸರು ಹೇಳಿದ್ದಕ್ಕ ಬಂಗಾರ ತಗದರ!" ಎಂದು ಯಾರೋ ಕೂಗಿದರು. ಅಧ್ಯಕ್ಷರು ಮೈಕು ಹಿಡಿದು, "ಸರ, ಫೋಟೋದಾಂವ ಚಾ ಕುಡ್ಯಾಕ ಹೋಗಿದ್ದ, ಇನ್ನೊಮ್ಮಿ ಬೀಳಿಸಿ ತೋರಸ್ರಿ" ಅಂದರು.

ನಾನು ಮಿಸ್ತ್ರಿಯ ಕಡೆ ತಿರುಗಿದೆ. "ಗುಂಜಿಯಷ್ಟು ಲೋಹ ಇದ್ರ ಹೆಸರು ತಗೀರಿ ಅಂದಿದ್ಯಲ್ಲಲೇ?"

ಅವನು ತಲೆ ಕೆರೆದುಕೊಂಡ. "ಸರ, ಪಾಪ ಅದು ಹುಟ್ಟಿದ ದಿನದಿಂದ ಕುಂಯ್ ಕುಂಯ್ ಅಂತ ಖರೇನ ಹೇಳಾಕತ್ತಿತ್ತು. ನಾವ ತಿರುಗಣಿ ತಿರುವಿ ಅದರ ಬಾಯಿ ಮುಚ್ಚಿಸಿದ್ವಿ."

ಆ ಶಾಲನ್ನು ನಾನು ಗದಗಿನ ಬಸ್ ಸ್ಟ್ಯಾಂಡಿನ ತನಕ ಹೊದ್ದುಕೊಂಡೇ ಬಂದೆ. ಮನೆ ಮುಟ್ಟಿದ ಮೇಲೆ ಅವಳು ಕೈಕಾಲು ಕೂಡ ತೊಳೆಯದೆ ಕುಂಕುಮದ ಡಬ್ಬಿ ತೆಗೆದಳು. ಎರಡೂ ಕಿವಿಗೆ ಬುಗುಡಿ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಮದುವೆಯ ದಿನ ನೋಡಿದ ಮುಖ. ನನಗೂ ಕಣ್ಣು ತುಂಬಿತು. ತೋರಿಸಿಕೊಳ್ಳದೆ ಎದೆಯುಬ್ಬಿಸಿ ಕೇಳಿದೆ:

"ಹೆಂಗ? ಮಾತು ಕೊಟ್ಟಂಗ ಹುಡುಕಿ ಕೊಟ್ಟೆನೋ ಇಲ್ಲೋ?"

"ಕೊಟ್ರಿ. ಹನ್ನೊಂದು ವರ್ಷ ನನ್ನ ಬುಗುಡಿ ಹೆಗಲ ಮ್ಯಾಲ ಹೊತಗೊಂಡು ಜಿಲ್ಲಾ ತುಂಬ ನನ್ನ ಬುಗುಡಿ ಹುಡುಕಿದ್ರಿ. ಹಿಂಗ ಯಾರ ಗಂಡ ಮಾಡ್ಯಾನು?" ಎಂದು ನಕ್ಕಳು. ಕಿವಿಯನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡು, ಕನ್ನಡಿಯಿಂದ ನನ್ನ ಕಡೆ ತಿರುಗಿದಳು.

"ಬುಗುಡಿ ಮಾತು ಮುಗೀತು. ಈಗ ಹೇಳ್ರಿ, ನನ್ನ ತವರಮನಿ ಸಾಣಿಗಿ ಯಾವಾಗ ಕೊಡ್ತೀರಿ?"